ಮನೆಯಲ್ಲಿ ಟಿಬಿ ಇದೆ, ಮಗುವಿಗೆ ಯಾವ ಟೆಸ್ಟ್? ಮಾಂಟೂ, ಇಗ್ರಾ, ಎಕ್ಸ್‌ರೇ: ಯಾವುದು ಯಾರಿಗೆ

ಮನೆಯಲ್ಲಿ ದೊಡ್ಡವರೊಬ್ಬರಿಗೆ ಶ್ವಾಸಕೋಶದ ಟಿಬಿ ಎಂದು ಗೊತ್ತಾದ ಕೂಡಲೇ ಎಲ್ಲರ ಕಣ್ಣು ಮಕ್ಕಳ ಕಡೆ ಹೋಗುತ್ತದೆ. "ಕೂಸಿಗೂ ಒಂದ್ ಟೆಸ್ಟ್ ಮಾಡಿಸ್ರಿ" ಅನ್ನುತ್ತಾರೆ. ಆದರೆ ಯಾವ ಟೆಸ್ಟ್? ಒಬ್ಬ ಡಾಕ್ಟರು ಮುಂಗೈಗೆ ಸಣ್ಣ ಸೂಜಿ ಚುಚ್ಚಿ ಮೂರನೇ ದಿನ ಬನ್ನಿ ಅನ್ನುತ್ತಾರೆ. ಇದು ಮಾಂಟೂ. ಲ್ಯಾಬಿನವರು ರಕ್ತ ಕೊಟ್ಟರೆ ಸಾಕು, ಮತ್ತೆ ಬರುವುದೇ ಬೇಡ ಅನ್ನುತ್ತಾರೆ. ಅದು ಇಗ್ರಾ. ಮಿರಜ್‌ಗೋ ಸೊಲ್ಲಾಪುರಕ್ಕೋ ಹೋಗಿ ತೋರಿಸಿಕೊಂಡು ಬಂದ ನೆಂಟರು ಇನ್ನೇನೋ ಹೇಳುತ್ತಾರೆ.

ನಾನು ವಿಜಯಪುರದಲ್ಲಿ ಮಕ್ಕಳ ವಾರ್ಡಿನ ನರ್ಸ್. ತಾಯಂದಿರು ನನ್ನನ್ನು ಈ ಪ್ರಶ್ನೆ ತುಂಬಾ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಐದು ವರ್ಷ ತುಂಬಿಲ್ಲ ಅಂದರೆ, ಯಾವ ಟೆಸ್ಟ್ ಅನ್ನುವುದು ಆಮೇಲಿನ ಮಾತು. ಮಗುವಿಗೆ ಈಗ ರೋಗ ಇದೆಯಾ ಎಂದು ಡಾಕ್ಟರು ನೋಡಬೇಕು. ಇಲ್ಲ ಎಂದಾದರೆ ತಡೆ ಔಷಧ, ಅಂದರೆ ಮುಂದೆ ರೋಗ ಬಾರದಂತೆ ಕೊಡುವ ಔಷಧ, ಶುರುವಾಗಬೇಕು. ಟೆಸ್ಟಿನ ಚೀಟಿಗಾಗಿ ಇದು ನಿಲ್ಲಬಾರದು.

ಸೋಂಕು ಬೇರೆ, ರೋಗ ಬೇರೆ

ಇದು ತಿಳಿಯದೆ ಹೋಲಿಕೆ ಮಾಡಲು ಆಗುವುದಿಲ್ಲ. ಟಿಬಿ ರೋಗಿ ಕೆಮ್ಮಿದಾಗ ಗಾಳಿಗೆ ಬಂದ ರೋಗಾಣು ಮಗುವಿನ ಎದೆಯೊಳಗೆ ಹೋಗಿ ಸುಮ್ನೆ ಕೂತಿರಬಹುದು. ಮಗು ಆಡುತ್ತದೆ, ಉಣ್ಣುತ್ತದೆ, ಜ್ವರ ಇಲ್ಲ, ಕೆಮ್ಮಿಲ್ಲ. ಇದು ಸೋಂಕು. ಅದೇ ರೋಗಾಣು ಬೆಳೆದು ಜ್ವರ, ಕೆಮ್ಮು, ಗಂಟು, ತೂಕ ಇಳಿಯುವುದು ಶುರುವಾದರೆ ಅದು ರೋಗ.

ಮಾಂಟೂ ಮತ್ತು ಇಗ್ರಾ ಎರಡೂ ಹೇಳುವುದು ಸೋಂಕಿನ ಬಗ್ಗೆ ಮಾತ್ರ. ಅದೂ ನೇರವಾಗಿ ಅಲ್ಲ. ಅವು ರೋಗಾಣುವನ್ನು ಹುಡುಕುವುದಿಲ್ಲ. ಮಗುವಿನ ಮೈ ಆ ರೋಗಾಣುವನ್ನು ಹಿಂದೆ ಕಂಡಿದೆಯಾ, ಈಗ ಗುರುತು ಹಿಡಿಯುತ್ತದೆಯಾ ಎಂದು ನೋಡುತ್ತವೆ, ಅಷ್ಟೇ. ಎರಡರಲ್ಲಿ ಯಾವುದೂ ಸೋಂಕು ಮತ್ತು ರೋಗವನ್ನು ಬೇರೆ ಮಾಡಿ ತೋರಿಸಲಾರದು. ರಿಪೋರ್ಟಿನಲ್ಲಿ ಪಾಸಿಟಿವ್ ಎಂದು ಬಂದ ತಕ್ಷಣ ಮಗುವಿಗೆ ಟಿಬಿ ಆಗಿದೆ ಎಂದು ಮನೆಯವರು ಅಳುತ್ತಾರೆ. ನೆಗೆಟಿವ್ ಬಂದರೆ ಟಿಬಿ ಇಲ್ಲವೇ ಇಲ್ಲ ಎಂದು ನಿರಾಳವಾಗುತ್ತಾರೆ. ಎರಡೂ ತಪ್ಪು. ಎರಡನೆಯದು ಜಾಸ್ತಿ ಅಪಾಯದ ತಪ್ಪು.

ಸಣ್ಣ ಮಕ್ಕಳಲ್ಲಿ ಸೋಂಕಿನಿಂದ ರೋಗಕ್ಕೆ ದಾರಿ ಬಹಳ ಹತ್ತಿರ. ಸೋಂಕು ತಗುಲಿದ ದೊಡ್ಡವರಲ್ಲಿ ಇಡೀ ಆಯುಷ್ಯದಲ್ಲಿ ರೋಗ ಬರುವುದು ನೂರಕ್ಕೆ 5ರಿಂದ 10 ಜನಕ್ಕೆ. ಟಿಬಿಗೆ ಔಷಧವೇ ಇಲ್ಲದಿದ್ದ ಕಾಲದ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದವರು ಒಂದು ವರ್ಷದೊಳಗಿನ ಕೂಸುಗಳ ಬಗ್ಗೆ ಕೊಡುವ ಲೆಕ್ಕವೇ ಬೇರೆ. ಸೋಂಕು ತಗುಲಿದ ನೂರು ಕೂಸುಗಳಲ್ಲಿ 30ರಿಂದ 40ಕ್ಕೆ ಎದೆಯ ಟಿಬಿ. ಇನ್ನೂ 10ರಿಂದ 20ಕ್ಕೆ ಮೆದುಳಿನ ಪೊರೆಯ ಟಿಬಿ ಅಥವಾ ಮೈತುಂಬಾ ಹರಡುವ ಟಿಬಿ. ಅದೂ ವರ್ಷಗಟ್ಟಲೆ ಕಾದು ಅಲ್ಲ, ಬಹುಪಾಲು ಒಂದು ವರ್ಷದೊಳಗೆ. ಮೆದುಳಿಗೆ ಟಿಬಿ ಏರಿದ ಮಗು ಬದುಕಿದರೂ ಕಣ್ಣು, ಕಿವಿ, ನಡಿಗೆ ಕಳೆದುಕೊಳ್ಳಬಹುದು. ಅಂಥ ಮಕ್ಕಳನ್ನು ವಾರ್ಡಿನಲ್ಲಿ ನೋಡಿದವರಿಗೆ "ಸ್ವಲ್ಪ ದಿನ ಕಾದು ನೋಡೋಣ" ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಐದು ವರ್ಷದೊಳಗೆ: ಟೆಸ್ಟ್ ಇಲ್ಲದೆಯೂ ಔಷಧ

ಇಳಕಲ್ಲಿನ ಒಂದು ನೇಕಾರರ ಮನೆ ಅಂದುಕೊಳ್ಳಿ. ಮಗ್ಗದ ಕೋಣೆಯೇ ಮಲಗುವ ಕೋಣೆ. ಮುತ್ಯಾನಿಗೆ ಕಫದಲ್ಲಿ ಟಿಬಿ ಬಂದಿದೆ. ಎಂಟು ತಿಂಗಳ ಕೂಸು ದಿನವಿಡೀ ಅವರ ತೊಡೆಯ ಮೇಲೇ ಇರುತ್ತಿತ್ತು. ಈ ಕೂಸಿಗೆ ಮಾಂಟೂ ಒಳ್ಳೆಯದಾ, ಇಗ್ರಾ ಒಳ್ಳೆಯದಾ?

ಎರಡಕ್ಕೂ ಕಾಯಬೇಡಿ ಅನ್ನುವುದೇ ಉತ್ತರ. ಇದು ನನ್ನೊಬ್ಬಳ ಮಾತಲ್ಲ. ಟಿಬಿ ತಡೆ ಚಿಕಿತ್ಸೆಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾರ್ಗಸೂಚಿ ಹೇಳುವುದೂ ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಶ್ವಾಸಕೋಶದ ಟಿಬಿ ಇರುವವರ ಮನೆಯ ಐದು ವರ್ಷದೊಳಗಿನ ಮಗುವಿನಲ್ಲಿ ರೋಗ ಇಲ್ಲ ಎಂದು ಖಾತ್ರಿಯಾದರೆ, ಸೋಂಕಿನ ಟೆಸ್ಟ್ ಮಾಡದೆಯೂ ತಡೆ ಔಷಧ ಕೊಡಬಹುದು, ಕೊಡಬೇಕು.

ಯಾಕೆ ಅಂದರೆ, ಈ ವಯಸ್ಸಿನಲ್ಲಿ ನೆಗೆಟಿವ್ ರಿಪೋರ್ಟಿಗೆ ಬೆಲೆ ಕಡಿಮೆ. ರೋಗಾಣು ಒಳಗೆ ಹೋದ ಮೇಲೆ ಮೈ ಅದನ್ನು ಗುರುತಿಸಿ ಟೆಸ್ಟಿನಲ್ಲಿ ತೋರಿಸಲು 2ರಿಂದ 10 ವಾರ ಬೇಕು. ಅಷ್ಟರೊಳಗೆ ಟೆಸ್ಟ್ ಮಾಡಿದರೆ ಸೋಂಕು ಇದ್ದರೂ ನೆಗೆಟಿವ್ ಬರುತ್ತದೆ. ಆರು ತಿಂಗಳೂ ತುಂಬದ ಕೂಸಿನ ರೋಗ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಎರಡೂ ಟೆಸ್ಟ್ ಸುಳ್ಳು ನೆಗೆಟಿವ್ ಕೊಡುವುದು ಜಾಸ್ತಿ. ಅಪೌಷ್ಟಿಕ ಮಗುವಿನದೂ ಅದೇ ಕಥೆ. ಅಂದರೆ ಯಾವ ಮಗುವಿಗೆ ಅಪಾಯ ಜಾಸ್ತಿಯೋ ಅದೇ ಮಗುವಿನಲ್ಲಿ ಟೆಸ್ಟ್ ಕೈಕೊಡುವುದೂ ಜಾಸ್ತಿ.

ತಡೆ ಔಷಧ ಅಂದರೆ ಸಾಮಾನ್ಯವಾಗಿ ಐಸೋನಿಯಾಜಿಡ್ ಗುಳಿಗೆ. ದಿನಕ್ಕೊಮ್ಮೆ, ತೂಕದ ಪ್ರತಿ ಕಿಲೋಗೆ ಸುಮಾರು 10 ಮಿಲಿಗ್ರಾಂ ಲೆಕ್ಕದಲ್ಲಿ, 6 ತಿಂಗಳು. ಎರಡು ವರ್ಷ ದಾಟಿದವರಿಗೆ ವಾರಕ್ಕೊಮ್ಮೆ ನುಂಗುವ, 12 ವಾರಕ್ಕೆ ಮುಗಿಯುವ ಜೋಡಿ ಔಷಧವೂ ಇದೆ. ಯಾವುದು ಎಂದು ಡಾಕ್ಟರು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಮಗು ಬೆಳೆದಂತೆ ಡೋಸ್ ಬದಲಾಗಬೇಕು. ಅದಕ್ಕೆ ಪ್ರತಿ ತಿಂಗಳು ತೂಕ ಮಾಡಿಸಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಗುಳಿಗೆ ನಿಲ್ಲಿಸಿ ಅವತ್ತೇ ಬನ್ನಿ. ಮಕ್ಕಳಲ್ಲಿ ಇದು ಅಪರೂಪ.

"ರೋಗಾನ ಇಲ್ಲ ಅಂತೀರಿ, ಮತ್ತ ಆರ್ ತಿಂಗಳ ಗುಳಿಗಿ ಯಾಕ್ರಿ ಅಕ್ಕಾರ?" ಎಂದು ಅಜ್ಜಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೇಲೆ ಹೇಳಿದ ಲೆಕ್ಕವನ್ನೇ ಅವರಿಗೂ ಹೇಳುತ್ತೇನೆ. ಸೋಂಕು ತಗುಲಿದ ನೂರು ಕೂಸಿನಲ್ಲಿ ಅರ್ಧದಷ್ಟಕ್ಕೆ ರೋಗ ಬರಬಹುದು ಎಂದು ಕೇಳಿದ ಮೇಲೆ ಬೇಡ ಅನ್ನುವವರು ಕಡಿಮೆ.

ಹಾಗಾದರೆ ಈ ಎರಡು ಟೆಸ್ಟ್ ಯಾಕಿವೆ? ಐದು ವರ್ಷ ದಾಟಿದ ಮಕ್ಕಳಿಗೆ, ರೋಗದ ಅನುಮಾನ ಇದ್ದು ಇನ್ನೊಂದು ಸುಳಿವು ಬೇಕಾದಾಗ, ರೋಗ ತಡೆಯುವ ಶಕ್ತಿ ಕುಗ್ಗಿಸುವ ಔಷಧ ಶುರು ಮಾಡುವ ಮುಂಚೆ. ಈಗ ಒಂದೊಂದಾಗಿ ನೋಡೋಣ.

ಮಾಂಟೂ: ಅಗ್ಗ, ಹಳೆಯದು, ಆದರೆ ಕೈ ಪಳಗಿರಬೇಕು

ನೂರು ವರ್ಷಕ್ಕೂ ಹಳೆಯ ಟೆಸ್ಟ್ ಇದು. ಟಿಬಿ ರೋಗಾಣುವಿನಿಂದ ತೆಗೆದ ಪ್ರೋಟೀನಿನ ದ್ರಾವಣವನ್ನು 0.1 ಮಿಲಿ ಅಳೆದು ಮುಂಗೈಯ ಒಳಬದಿಯ ಚರ್ಮದ ಪದರಿಗೆ ಚುಚ್ಚುತ್ತಾರೆ. ಅದರಲ್ಲಿ ಜೀವಂತ ರೋಗಾಣು ಇಲ್ಲ. ಇದರಿಂದ ಮಗುವಿಗೆ ಟಿಬಿ ಬರುವುದಿಲ್ಲ. ಚುಚ್ಚಿದ ಕೂಡಲೇ ಅಲ್ಲಿ ಸಣ್ಣ ಬಿಳಿಚಿದ ಗುಳ್ಳೆ ಏಳಬೇಕು. ಏಳದಿದ್ದರೆ ಸೂಜಿ ಆಳಕ್ಕೆ ಹೋಗಿದೆ ಎಂದರ್ಥ. ಆಗಲೇ ಇನ್ನೊಂದು ಜಾಗದಲ್ಲಿ ಮತ್ತೆ ಚುಚ್ಚಬೇಕು. ಇದನ್ನು ತಾಯಿಯೂ ಗಮನಿಸಬಹುದು, ಕೇಳಬಹುದು. ತಪ್ಪೇನಿಲ್ಲ.

ದ್ರಾವಣದ ಶಕ್ತಿಯೂ ಮುಖ್ಯ. ನಮ್ಮ ದೇಶದ ಮಕ್ಕಳ ಟಿಬಿ ಮಾರ್ಗಸೂಚಿ ಹೇಳುವುದು 2 ಟಿಯು, ಆರ್‌ಟಿ 23. ಟಿಯು ಅಂದರೆ ಶಕ್ತಿಯ ಅಳತೆ, ಆರ್‌ಟಿ 23 ಅಂದರೆ ದ್ರಾವಣದ ಹೆಸರು. ಇದಕ್ಕಿಂತ ಜಾಸ್ತಿ ಶಕ್ತಿಯದನ್ನು ಚುಚ್ಚಿದರೆ ಸೋಂಕಿಲ್ಲದ ಮಗುವಿಗೂ ಚುಚ್ಚಿದ ಜಾಗದಲ್ಲಿ ಗಡುಸು ದೊಡ್ಡದಾಗಿ ಬಂದು ದಾರಿ ತಪ್ಪಿಸಬಹುದು. ರಿಪೋರ್ಟಿನಲ್ಲಿ ಎಷ್ಟು ಟಿಯು ಎಂದು ಬರೆಸಿಕೊಳ್ಳಿ.

ಓದುವುದು 48ರಿಂದ 72 ಗಂಟೆಯೊಳಗೆ. ಮಾಂಟೂ ಕೆಡುವುದು ಇಲ್ಲಿಯೇ. ಅಳೆಯಬೇಕಾದ್ದು ಕೆಂಪನ್ನಲ್ಲ. ಬೆರಳಿಗೆ ಸಿಗುವ ಗಡುಸನ್ನು. ಅಂಚು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಪೆನ್ನಿನಿಂದ ಗುರುತು ಮಾಡಿ, ಕೈಗೆ ಅಡ್ಡಲಾಗಿ ಸ್ಕೇಲ್ ಇಟ್ಟು ಮಿಲಿಮೀಟರಿನಲ್ಲಿ ಬರೆಯಬೇಕು. ಈಗೀಗ ಬಹಳ ಜನ ಕೈಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಫೋಟೋದಲ್ಲಿ ಕಾಣುವುದು ಕೆಂಪು ಮಾತ್ರ. ಗಡುಸು ಮುಟ್ಟಿದರೆ ಮಾತ್ರ ಗೊತ್ತಾಗುತ್ತದೆ. ಫೋಟೋ ನೋಡಿ ಕೊಟ್ಟ ಉತ್ತರವನ್ನು ದಯವಿಟ್ಟು ನಂಬಬೇಡಿ.

ಬರೀ ನೆಗೆಟಿವ್, ಪಾಸಿಟಿವ್ ಎಂದು ಬರೆದ ಚೀಟಿಯೂ ಸಾಲದು. ಎಷ್ಟು ಮಿಲಿಮೀಟರ್ ಎಂದು ಬೇಕು. ಏನೂ ಇಲ್ಲದಿದ್ದರೆ ಸೊನ್ನೆ ಎಂದು ಬರೆಯಲಿ. ಸಾಮಾನ್ಯ ಮಗುವಿಗೆ 10 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಪಾಸಿಟಿವ್. ಎಚ್‌ಐವಿ ಇರುವ ಅಥವಾ ರೋಗ ತಡೆಯುವ ಶಕ್ತಿ ತೀರಾ ಕುಗ್ಗಿದ ಮಗುವಿಗೆ 5 ಮಿ.ಮೀ. ಇದ್ದರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

"ಹುಟ್ಟಿದಾಗ ಬಿಸಿಜಿ ಹಾಕಿಸಿದ್ವಿ, ಅದಕ್ಕೇ ಬಂದಿರಬೇಕು ಅಲ್ವಾ?" ಈ ಸಮಾಧಾನ ನಮ್ಮ ಕಡೆ ಬಹಳ ಕೇಳಿಬರುತ್ತದೆ. ಬಿಸಿಜಿ ಅಂದರೆ ಟಿಬಿ ವಿರುದ್ಧದ ಲಸಿಕೆ. ಅದರಿಂದ ಸ್ವಲ್ಪ ಗಡುಸು ಬರಬಹುದು, ಹೌದು. ಆದರೆ ಹುಟ್ಟಿದಾಗ ಹಾಕಿದ ಬಿಸಿಜಿಯ ಪ್ರಭಾವ ಮಾಂಟೂ ಮೇಲೆ ಬರಬರುತ್ತಾ ಇಳಿಯುತ್ತದೆ. ಅದಕ್ಕೇ ನಮ್ಮ ಮಾರ್ಗಸೂಚಿಯಲ್ಲಿ ಬಿಸಿಜಿ ಹಾಕಿಸಿದ್ದರೂ 10 ಮಿ.ಮೀ. ಅಂದರೆ ಪಾಸಿಟಿವ್ ಅಂತಲೇ ಲೆಕ್ಕ. ಮನೆಯಲ್ಲಿ ಟಿಬಿ ರೋಗಿ ಇದ್ದಾಗ 12 ಮಿ.ಮೀ. ಗಡುಸನ್ನು ಬಿಸಿಜಿ ತಲೆಗೆ ಕಟ್ಟುವುದು ನನಗಂತೂ ಭಯ ಹುಟ್ಟಿಸುತ್ತದೆ.

ಮಾಂಟೂ ಸುಳ್ಳು ನೆಗೆಟಿವ್ ಕೊಡುವ ಸಂದರ್ಭಗಳನ್ನು ಮನೆಯವರೂ ತಿಳಿದಿರಬೇಕು. ತೀವ್ರ ಅಪೌಷ್ಟಿಕತೆ, ದಡಾರ ಬಂದು ಹೋದ ಹೊಸದು, ಸ್ಟೀರಾಯ್ಡ್ ಔಷಧ, ಎಚ್‌ಐವಿ. ಟಿಬಿಯೇ ಮೈತುಂಬಾ ಹರಡಿದ್ದರೂ ನೆಗೆಟಿವ್ ಬರಬಹುದು. ಮೈ ಅಷ್ಟು ಸೋತಿರುತ್ತದೆ. ಇನ್ನೊಂದು ಚಿಕ್ಕ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದ ಮೇಲೆ ಕೆಲವು ವಾರ ಮಾಂಟೂ ಮಂಕಾಗಬಹುದು. ಈ ಲಸಿಕೆ 9 ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ ಬರುತ್ತದೆ. ಲಸಿಕೆಯ ದಿನವೇ ಮಾಂಟೂ ಚುಚ್ಚಿಸಿದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಕನಿಷ್ಠ ನಾಲ್ಕು ವಾರ ಬಿಡಿ. ತಾಯಿ ಕಾರ್ಡ್ ತರುವುದು ಇದಕ್ಕೂ ಬೇಕು.

ಇನ್ನು ದಿನದ ಲೆಕ್ಕ. ಶುಕ್ರವಾರ ಚುಚ್ಚಿಸಿದರೆ 48 ಗಂಟೆ ಭಾನುವಾರಕ್ಕೆ ಬೀಳುತ್ತದೆ, ಸೋಮವಾರ ತಪ್ಪಿದರೆ ಮುಗಿಯಿತು. ಸೋಮವಾರ, ಮಂಗಳವಾರ, ಬುಧವಾರ ಚುಚ್ಚಿಸುವುದು ಒಳ್ಳೆಯದು. ಜಾತ್ರೆ, ಅಮಾವಾಸ್ಯೆ, ಬಿತ್ತನೆ, ಎಲ್ಲ ನೋಡಿಕೊಂಡು ದಿನ ಹಿಡಿಯಿರಿ. ಇಂಡಿ, ಸಿಂದಗಿ, ತಾಳಿಕೋಟೆ ಕಡೆಯಿಂದ ಬರುವವರಿಗೆ ಎರಡು ಸಲ ಬಸ್ಸು, ಎರಡು ದಿನದ ಕೂಲಿ ಹೋಗುತ್ತದೆ. ಓದುವುದಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಳಗಿದವರು ಇದ್ದಾರಾ ಎಂದು ಚುಚ್ಚಿಸುವ ದಿನವೇ ಕೇಳಿ. ಹೇಗೋ ತಡವಾಯಿತು ಅಂದುಕೊಳ್ಳಿ, ಆದರೂ ಬನ್ನಿ. ಒಂದು ವಾರದೊಳಗೆ ದೊಡ್ಡ ಗಡುಸು ಇನ್ನೂ ಇದ್ದರೆ ಅದಕ್ಕೆ ಬೆಲೆ ಇದೆ. ಗಡುಸು ಇಲ್ಲದಿದ್ದರೆ ಮಾತ್ರ ಹೊಸದಾಗಿ ಚುಚ್ಚಬೇಕು. ಆ ಜಾಗಕ್ಕೆ ಅರಿಶಿನ, ಎಣ್ಣೆ, ಮುಲಾಮು ಏನೂ ಬೇಡ. ನೀರು ತಾಗಿದರೆ ಏನೂ ಆಗುವುದಿಲ್ಲ, ಸ್ನಾನ ಮಾಡಿಸಿ. ಉಜ್ಜಬೇಡಿ, ಕೆರೆಯಲು ಬಿಡಬೇಡಿ.

ಇಗ್ರಾ: ಒಂದೇ ಸಲದ ಕೆಲಸ, ಆದರೆ ಕೂಸಿಗೆ ಹೇಳಿಸಿದ್ದಲ್ಲ

ಖಾಸಗಿ ಲ್ಯಾಬುಗಳಲ್ಲಿ "ಟಿಬಿ ಗೋಲ್ಡ್" ಎಂದು ಕರೆಯುವುದು ಇದನ್ನೇ. ಕ್ವಾಂಟಿಫೆರಾನ್ ಟಿಬಿ ಗೋಲ್ಡ್ ಎಂಬ ಬ್ರ್ಯಾಂಡ್ ಹೆಸರಿನಿಂದ ಬಂದ ರೂಢಿ. ಮಗುವಿನ ರಕ್ತವನ್ನು ನಾಲ್ಕು ಟ್ಯೂಬಿನಲ್ಲಿ, ಒಂದೊಂದರಲ್ಲಿ ಒಂದು ಮಿಲಿ ಹಾಗೆ ಹಿಡಿಯುತ್ತಾರೆ. ಎರಡು ಟ್ಯೂಬಿನಲ್ಲಿ ಟಿಬಿ ರೋಗಾಣುವಿನ ಪ್ರೋಟೀನ್ ಲೇಪ ಇರುತ್ತದೆ. ರಕ್ತದ ಬಿಳಿ ಕಣಗಳು ಅದನ್ನು ಗುರುತು ಹಿಡಿದರೆ ಒಂದು ರಾಸಾಯನಿಕ ಬಿಡುತ್ತವೆ. ಅದನ್ನು ಯಂತ್ರ ಅಳೆಯುತ್ತದೆ.

ಇದರ ದೊಡ್ಡ ಗುಣ ಬಿಸಿಜಿ ಗೊಂದಲ ಇಲ್ಲದಿರುವುದು. ಆ ಪ್ರೋಟೀನುಗಳು ಬಿಸಿಜಿ ಲಸಿಕೆಯಲ್ಲಿ ಇಲ್ಲವೇ ಇಲ್ಲ. ಇನ್ನೊಂದು ಗುಣ, ಮೂರನೇ ದಿನ ಮತ್ತೆ ಬರಬೇಕಾಗಿಲ್ಲ. ಬೆರಳಿನ ಅಂದಾಜೂ ಇಲ್ಲ.

ಕೊರತೆಯೂ ಇದೆ. ನಾಲ್ಕರಲ್ಲಿ ಒಂದು ಟ್ಯೂಬ್, ಮಗುವಿನ ಬಿಳಿ ಕಣಗಳಿಗೆ ಕೆಲಸ ಮಾಡುವ ತ್ರಾಣ ಇದೆಯಾ ಎಂದು ನೋಡಲು ಇಟ್ಟದ್ದು. ಸಣ್ಣ ಕೂಸಿನಲ್ಲಿ, ಅಪೌಷ್ಟಿಕ ಮಗುವಿನಲ್ಲಿ ಅದೇ ಸರಿಯಾಗಿ ಬರುವುದಿಲ್ಲ. ಆಗ ರಿಪೋರ್ಟ್ "ಇಂಡಿಟರ್ಮಿನೇಟ್" ಎಂದು ಬರುತ್ತದೆ. ಹೌದೂ ಅಲ್ಲ, ಇಲ್ಲವೂ ಅಲ್ಲ. ಐದು ವರ್ಷದೊಳಗೆ ಇದು ಜಾಸ್ತಿ. ಎಂಟು ತಿಂಗಳ ಕೂಸಿನ ನರ ಹುಡುಕಿ ನಾಲ್ಕು ಮಿಲಿ ರಕ್ತ ತೆಗೆದು, ಕೆಲವು ಸಾವಿರ ರೂಪಾಯಿ ಕೊಟ್ಟು, ಕೊನೆಗೆ ಕೈಗೆ ಬರುವುದು ಇದೇ ಆದರೆ ತಾಯಿಯ ಮುಖ ನೋಡಲಾಗುವುದಿಲ್ಲ. ಎರಡು ವರ್ಷದೊಳಗೆ ಸೋಂಕಿನ ಟೆಸ್ಟ್ ಬೇಕೇ ಬೇಕು ಅಂದರೆ ನಾನು ಮಾಂಟೂ ಕಡೆಗೇ ವಾಲುತ್ತೇನೆ.

ರಕ್ತ ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ. ಟ್ಯೂಬಿಗೆ ತೆಗೆದ ರಕ್ತವನ್ನು 16 ಗಂಟೆಯೊಳಗೆ 37 ಡಿಗ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು. ಅಲ್ಲಿ 16ರಿಂದ 24 ಗಂಟೆ ಇರಬೇಕು. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಲ್ಯಾಬುಗಳು ರಕ್ತ ಹಿಡಿಯುವ ಕೇಂದ್ರ ಮಾತ್ರ. ಪರೀಕ್ಷೆ ದೊಡ್ಡ ಊರಿನಲ್ಲಿ. ಬೇಸಿಗೆಯ ಮಧ್ಯಾಹ್ನ ಜಮಖಂಡಿಯಲ್ಲಿ ತೆಗೆದ ರಕ್ತ ಬಿಸಿಲಿನಲ್ಲಿ ಪಯಣಿಸಿ ತಡವಾಗಿ ತಲುಪಿದರೆ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಉತ್ತರ ನಂಬುವಂತಿರುವುದಿಲ್ಲ. "ಬೆಚ್ಚಗಿಡುವ ಪೆಟ್ಟಿಗೆ ಇಲ್ಲೇ ಇದೆಯಾ?" ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಅಲ್ಲಿ ರಕ್ತ ಕೊಡಬೇಡಿ.

ಈಚೆಗೆ ಸಿ-ವೈ ಟಿಬಿ ಎಂಬ ಚರ್ಮದ ಟೆಸ್ಟಿನ ಹೆಸರೂ ಕೇಳಿಬರುತ್ತಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. ಮಾಂಟೂವಿನಂತೆಯೇ ಚುಚ್ಚುವುದು, ಮೂರನೇ ದಿನ ಓದುವುದು. ಆದರೆ ಒಳಗಿರುವುದು ಇಗ್ರಾದ ಪ್ರೋಟೀನು, ಹಾಗಾಗಿ ಬಿಸಿಜಿ ಗೊಂದಲ ಇಲ್ಲ. 5 ಮಿ.ಮೀ. ಗಡುಸಿದ್ದರೆ ಪಾಸಿಟಿವ್. ಭಾರತದಲ್ಲಿ ಇದಕ್ಕೆ ಮೊದಲು ಅನುಮತಿ ಸಿಕ್ಕಿದ್ದು 18 ವರ್ಷ ಮೇಲ್ಪಟ್ಟವರಿಗೆ. ಮನೆಯ ದೊಡ್ಡವರಿಗೆ ಇದನ್ನು ಮಾಡಿದರು ಎಂದು ಕೂಸಿಗೂ ಅದೇ ಬೇಕೆಂದು ಹಟ ಮಾಡಬೇಡಿ.

ಹಾಗಾದರೆ ಯಾರಿಗೆ ಯಾವುದು?

ಅಥಣಿ ಕಡೆ ಕಬ್ಬು ಕಡಿಯಲು ಬಂದ ಗುಂಪಿನಲ್ಲಿ ಏಳು ವರ್ಷದ ಹುಡುಗಿ, ತಂದೆಗೆ ಟಿಬಿ ಎಂದುಕೊಳ್ಳಿ. ಮೂರನೇ ದಿನ ಗುಂಪು ಎಲ್ಲಿರುತ್ತದೋ ಗೊತ್ತಿಲ್ಲ. ಇಲ್ಲಿ ಇಗ್ರಾ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ? ಟೆಸ್ಟ್ ಸಿಗಲಿಲ್ಲ ಎಂಬ ಕಾರಣಕ್ಕೆ ತಡೆ ಔಷಧ ತಪ್ಪಬಾರದು ಎಂದು ಅದೇ 2021ರ ಮಾರ್ಗಸೂಚಿ ಐದು ವರ್ಷ ದಾಟಿದವರಿಗೂ ಹೇಳುತ್ತದೆ. ಲಕ್ಷಣ ಕೇಳಿ, ಎದೆಯ ಎಕ್ಸ್‌ರೇ ನೋಡಿ, ರೋಗ ಇಲ್ಲ ಎಂದಾದರೆ ಔಷಧ ಶುರು ಮಾಡಬಹುದು.

ಬೆಳಗಾವಿ ನಗರದಲ್ಲೇ ಇರುವ ಆರು ವರ್ಷದ ಹುಡುಗ. ಮೈ ಬಾತು, ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಿಡ್ನಿ ತೊಂದರೆ. ಡಾಕ್ಟರು ಸ್ಟೀರಾಯ್ಡ್ ಶುರು ಮಾಡುವ ಮುಂಚೆ ಮಾಂಟೂ ಮತ್ತು ಎಕ್ಸ್‌ರೇ ಬರೆಯುತ್ತಾರೆ. ಮನೆಯಲ್ಲಿ ಯಾರಿಗೂ ಟಿಬಿ ಇಲ್ಲದಿರುವಾಗ ಇದು ಯಾಕೆ ಎಂದು ಮನೆಯವರು ಕೇಳುತ್ತಾರೆ. ಸ್ಟೀರಾಯ್ಡ್ ಕೊಟ್ಟಾಗ ಸುಮ್ನೆ ಮಲಗಿದ್ದ ಸೋಂಕು ಎದ್ದು ಕೂರಬಹುದು, ಅದಕ್ಕೆ. ನಗರದಲ್ಲೇ ಇರುವವರಿಗೆ ಮೂರನೇ ದಿನ ಬರುವುದು ಕಷ್ಟವಲ್ಲ. ಮಾಂಟೂ ಸಾಕು. ಗೊಂದಲ ಬಂದರೆ ಇಗ್ರಾವನ್ನೂ ಸೇರಿಸುತ್ತಾರೆ. ಇಂಥ ಮಗುವಿನಲ್ಲಿ ಎರಡರಲ್ಲಿ ಒಂದು ಪಾಸಿಟಿವ್ ಬಂದರೂ ಗಂಭೀರವಾಗಿ ತೆಗೆದುಕೊಳ್ಳುವುದು ವಾಡಿಕೆ.

ಅಮೆರಿಕಕ್ಕೆ ವಲಸೆ ಹೋಗುವ ಕುಟುಂಬದ ಪ್ರಶ್ನೆಯೇ ಬೇರೆ. ನಮ್ಮಂಥ ಟಿಬಿ ಜಾಸ್ತಿ ಇರುವ ದೇಶದಿಂದ ಹೋಗುವ 2ರಿಂದ 14 ವರ್ಷದ ಮಕ್ಕಳಿಗೆ ಅವರು ಇಗ್ರಾವನ್ನೇ ಕೇಳುತ್ತಾರೆ. ಅಲ್ಲಿ ಆಯ್ಕೆ ನಿಮ್ಮದಲ್ಲ.

ಮಗುವಿಗೆ ಲಕ್ಷಣ ಇದ್ದರೆ ದಾರಿಯೇ ಬೇರೆ

ಎರಡು ವಾರ ಮೀರಿದ ಜ್ವರ ಅಥವಾ ಕೆಮ್ಮು. ತೂಕ ಇಳಿಯುವುದು, ಅಥವಾ ಅಂಗನವಾಡಿಯ ಕಾರ್ಡಿನಲ್ಲಿ ಗೆರೆ ಮೇಲೇರದೆ ನಿಂತಿರುವುದು. ಆಟ ಬಿಟ್ಟು ಮೂಲೆಗೆ ಕೂರುವುದು. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು. ಇವು ಇದ್ದರೆ ಮಾಂಟೂ, ಇಗ್ರಾ ಎಂದು ಹೋಲಿಸುತ್ತಾ ಕೂರಬೇಡಿ. ರೋಗವನ್ನೇ ಹುಡುಕಬೇಕು. ವಾಂತಿ, ಮಂಕು, ಫಿಟ್ಸ್, ಕುತ್ತಿಗೆ ಬಿಗಿತ ಇದ್ದರೆ ಅವತ್ತೇ, ಆ ಗಂಟೆಯೇ ದೊಡ್ಡಾಸ್ಪತ್ರೆಗೆ ಬನ್ನಿ.

ಮೊದಲು ಎದೆಯ ಎಕ್ಸ್‌ರೇ. ಮಕ್ಕಳ ಟಿಬಿಯಲ್ಲಿ ಎದೆಯ ಒಳಗಿನ ಗಂಟುಗಳು ಊದಿಕೊಂಡಿರುವುದು ಮುಖ್ಯ ಸುಳಿವು. ಅಲುಗಾಡಿದ ಮಗುವಿನ ಮಸುಕು ಎಕ್ಸ್‌ರೇಯಲ್ಲಿ ಅದು ತಪ್ಪಿಹೋಗಬಹುದು. ಮಕ್ಕಳ ಡಾಕ್ಟರೇ ಫಿಲ್ಮ್ ನೋಡಲಿ. ಬರೀ ರಿಪೋರ್ಟ್ ಹಾಳೆ ಸಾಲದು.

ಆಮೇಲೆ ರೋಗಾಣುವನ್ನೇ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್. ಟ್ರೂನ್ಯಾಟ್ ನಮ್ಮ ದೇಶದ್ದೇ, ಗೋವಾದ ಕಂಪನಿಯದು. ಸರ್ಕಾರಿ ವ್ಯವಸ್ಥೆಯಲ್ಲಿ ಇವು ಉಚಿತ. ಯಂತ್ರಕ್ಕೆ ಒಂದೆರಡು ಗಂಟೆ ಸಾಕು. ರಿಫಾಂಪಿಸಿನ್ ಔಷಧಕ್ಕೆ ಬಗ್ಗದ ಟಿಬಿಯೋ ಎಂಬುದನ್ನೂ ಹೇಳುತ್ತದೆ. ಸಣ್ಣ ಮಗು ಕಫ ಉಗುಳುವುದಿಲ್ಲ, ನುಂಗಿಬಿಡುತ್ತದೆ. ಅದಕ್ಕೇ ಬೆಳಗ್ಗೆ ಎದ್ದು ಹಾಲು ಕುಡಿಸುವ ಮುಂಚೆ ಮೂಗಿನಿಂದ ತೆಳು ನಳಿಗೆ ಹಾಕಿ ಹೊಟ್ಟೆಯ ನೀರು ತೆಗೆಯುತ್ತೇವೆ. ನೋಡುವ ತಾಯಿಗೆ ಸಂಕಟ. ಮಗುವೂ ಅಳುತ್ತದೆ, ಆದರೆ ಕೆಲಸ ಬೇಗ ಮುಗಿಯುತ್ತದೆ. ನುಂಗಿದ ಕಫ ಮಲದಲ್ಲೂ ಹೋಗುತ್ತದೆ. ಮಕ್ಕಳ ಮಲದ ಮಾದರಿಯನ್ನೂ ಸಿಬಿನ್ಯಾಟ್‌ನ ಹೊಸ ಕಾರ್ಟ್ರಿಜ್‌ನಲ್ಲಿ ನೋಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ನಿಮ್ಮ ಆಸ್ಪತ್ರೆಯಲ್ಲಿ ಇದು ಇದೆಯಾ ಎಂದು ಕೇಳಿ ನೋಡಿ.

ಮಕ್ಕಳಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆ. ಹಾಗಾಗಿ ರೋಗಾಣು ಇಲ್ಲ ಎಂದು ಈ ಯಂತ್ರ ತೋರಿಸಿದರೂ ಟಿಬಿ ಇರಬಹುದು. ಲಕ್ಷಣ, ಮನೆಯ ರೋಗಿ, ಎಕ್ಸ್‌ರೇ, ಮಾಂಟೂ ಎಲ್ಲ ಒಟ್ಟಿಗೆ ನೋಡಿ ಡಾಕ್ಟರು ಚಿಕಿತ್ಸೆ ಶುರು ಮಾಡಿದರೆ ಅದು ಊಹೆಯ ಚಿಕಿತ್ಸೆಯಲ್ಲ. ಮಕ್ಕಳ ಟಿಬಿ ಹಿಡಿಯುವ ರೀತಿಯೇ ಅದು. ಮಾಂಟೂ ಪಾಸಿಟಿವ್ ಇಲ್ಲಿ ಒಂದು ಸಾಕ್ಷಿ ಅಷ್ಟೇ.

ಇವಕ್ಕೆ ದುಡ್ಡು ಹಾಕಬೇಡಿ

ಟಿಬಿ ಐಜಿಜಿ, ಐಜಿಎಂ ಎಂಬ ರಕ್ತ ಪರೀಕ್ಷೆಯನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಯಾರಾದರೂ ಬರೆದರೆ ಮಾಡಿಸಬೇಡಿ. ಇಎಸ್‌ಆರ್ ಎಂಬ ರಕ್ತ ಪರೀಕ್ಷೆಯ ಅಂಕಿ ಏರಿದೆ ಎಂದು ಟಿಬಿ ಅನ್ನಲಾಗದು. ಟಿಬಿ ಪತ್ತೆಗೆಂದು ಇನ್ನೊಮ್ಮೆ ಬಿಸಿಜಿ ಚುಚ್ಚಿ ನೋಡುವ ಹಳೆಯ ಪದ್ಧತಿಗೂ ಈಗ ಜಾಗವಿಲ್ಲ.

ಬಾಣಂತಿಗೇ ಟಿಬಿ ಇದ್ದರೆ

ಹುಟ್ಟಿದ ಕೂಸಿಗೆ ಮಾಂಟೂ, ಇಗ್ರಾ ಎರಡೂ ಉಪಯೋಗಕ್ಕೆ ಬರುವುದಿಲ್ಲ. ಹೊಟ್ಟೆಯಲ್ಲಿರುವಾಗಲೇ ಟಿಬಿ ಬಂದಿದೆಯಾ ಎಂದು ಮಕ್ಕಳ ಡಾಕ್ಟರು ಪರೀಕ್ಷಿಸುತ್ತಾರೆ. ಇಲ್ಲ ಎಂದಾದರೆ ಐಸೋನಿಯಾಜಿಡ್ ಶುರು. ತಾಯಿ ಔಷಧ ತೆಗೆದುಕೊಳ್ಳುತ್ತಾ, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಎದೆಹಾಲು ಕೊಡಬಹುದು. ಹಾಲಿನಿಂದ ಟಿಬಿ ಬರುವುದಿಲ್ಲ. ಬಾಣಂತಿಯಿಂದ ಕೂಸನ್ನು ಬೇರೆ ಮಾಡಿ ಡಬ್ಬಿ ಹಾಲಿಗೆ ಹಾಕುವುದನ್ನು ಹಿರಿಯರು ಒಳ್ಳೆಯದಕ್ಕೇ ಮಾಡುತ್ತಾರೆ. ಆದರೆ ಅದರಿಂದ ಕೂಸು ಸೊರಗುತ್ತದೆ. ದಯವಿಟ್ಟು ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ.

ಆಸ್ಪತ್ರೆಗೆ ಬರುವಾಗ

ಬೆಳಗಾವಿಯ ಬಿಮ್ಸ್, ವಿಜಯಪುರ ಮತ್ತು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ, ಎಲ್ಲಿಗೇ ಹೋಗಿ, ಮಗುವಿನ ತಾಯಿ ಕಾರ್ಡ್ ಜೊತೆಗೆ ಮನೆಯ ರೋಗಿಯ ಟಿಬಿ ಕಾರ್ಡ್ ಮತ್ತು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ರಿಪೋರ್ಟ್ ತನ್ನಿ. ಇದನ್ನು ಎಲ್ಲರೂ ಮರೆಯುತ್ತಾರೆ. ರೋಗಿಗೆ ಸಾಮಾನ್ಯ ಔಷಧಕ್ಕೆ ಬಗ್ಗದ ಟಿಬಿ ಇದ್ದರೆ ಮಗುವಿಗೆ ಕೊಡುವ ತಡೆ ಔಷಧವೂ ಬದಲಾಗುತ್ತದೆ. ಆ ಹಾಳೆ ಇಲ್ಲದೆ ಡಾಕ್ಟರಿಗೆ ಅದು ಗೊತ್ತಾಗುವುದಿಲ್ಲ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಹುಡುಕಿಕೊಡುತ್ತಾರೆ. ಟಿಬಿ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ.

ದುಡಿಯಲು ಗೋವಾಕ್ಕೋ ಪುಣೆಗೋ ಹೋಗುವವರು ಔಷಧ ನಡುವೆಯೇ ನಿಲ್ಲಿಸಬೇಡಿ. ಹೊರಡುವ ಮುಂಚೆ ಬಂದು ಹೇಳಿ. ರೋಗಿಯದಿರಲಿ, ಮಗುವಿನದಿರಲಿ, ನಿಕ್ಷಯ್ ಸಂಖ್ಯೆ (ಸರ್ಕಾರದ ಟಿಬಿ ದಾಖಲೆಯ ಸಂಖ್ಯೆ) ಬರೆಸಿಕೊಂಡು ಹೋದರೆ ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಉಳಿದ ಗುಳಿಗೆ ಕೇಳಿ ಪಡೆಯಬಹುದು.